ಶುಕ್ರವಾರಕ್ಕೆ ಎತ್ತಿಟ್ಟ ಫೈನಲ್

ನೋವಿಗೆ ಹೊಡೆದುಕೊಳ್ಳುವ ಸ್ಪ್ರೇಯ ವಾಸನೆ ನಿಮಗೆ ಗೊತ್ತಿರಬಹುದು. ತಂಪೋ ಉರಿಯೋ ಎಂದು ಹೇಳಲಾಗದ, ಮೂಗಿಗೆ ಬಡಿದ ಕೂಡಲೇ ಕಣ್ಣಲ್ಲಿ ನೀರು ತರಿಸುವ ವಾಸನೆ. ಈಚೆಗೆ ರಿಯಾದಿನ ಒಂದು ಪಾರ್ಕಿನಲ್ಲಿ ನಮ್ಮ ಆಫೀಸಿನ ಹುಡುಗಿಯರ ಆಟ ಆಗಷ್ಟೇ ಮುಗಿದಿತ್ತು. ಆಡುವುದು ಅಮೆರಿಕನ್ ಫುಟ್‌ಬಾಲೇ, ಆದರೆ ಯಾರೂ ಯಾರನ್ನೂ ಕೆಡವುವ ಹಾಗಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಪಟ್ಟಿಯನ್ನು ಎಳೆದರೆ ಸಾಕು, ಓಡುವವಳು ಅಲ್ಲಿಗೆ ನಿಲ್ಲಬೇಕು. ಕಾಲು ಉಳುಕಿಸಿಕೊಂಡಿದ್ದ ಒಬ್ಬಳು ಬೆಂಚಿನ ಮೇಲೆ ಕೂತು ಪುಸ್ಸೆಂದು ಸ್ಪ್ರೇ ಹೊಡೆದುಕೊಂಡಳು. ನೀರಿನ ಬಾಟಲಿ ಹಿಡಿದುಕೊಂಡಿದ್ದ ನಾನು ನಿಂತಲ್ಲೇ ನಿಂತುಬಿಟ್ಟೆ. ಅಲ್ ಅಹ್ಸಾದ ಹೊಫುಫಿನಲ್ಲಿರುವ ನಮ್ಮ ಕಟ್ಟಡ, ಎದುರಿನ ಫ್ಲ್ಯಾಟು, ಅದರೊಳಗಿನ ಕಂದು ಸೋಫಾ, ಸೋಫಾದ ಎಡಬದಿಯಲ್ಲಿ ಕಾಲು ಚಾಚಿ ಕೂತ ಆಂಟಿ…

ಆಂಟಿ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಉಡುಪಿಯ ಕಡೆಯವರು, ಮನೆಮಾತು ಕೊಂಕಣಿ. ಮದುವೆಯಾಗಿರಲಿಲ್ಲ. ಅದೇ ಆಸ್ಪತ್ರೆಯ ಇನ್ನೊಬ್ಬ ನರ್ಸ್ ಜೊತೆ ಆ ಫ್ಲ್ಯಾಟಿನಲ್ಲಿದ್ದರು. ಆಕೆ ವಯಸ್ಸಿನಲ್ಲಿ ಬಹಳ ಚಿಕ್ಕವರು, ಕುಂದಾಪುರದವರು. ನಾವು ಸಣ್ಣ ಸಿಸ್ಟರ್ ಎನ್ನುತ್ತಿದ್ದೆವು. ನಮ್ಮದು ಬ್ಯಾರಿ ಮನೆ. ಬಾಪ್ಪನಿಗೆ ಹೊಫುಫಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಅವರ ಕೊಂಕಣಿ ನಮಗೆ ಬಾರದು, ನಮ್ಮ ಬ್ಯಾರಿ ಅವರಿಗೆ ಬಾರದು. ಹಾಗಾಗಿ ಎರಡು ಬಾಗಿಲುಗಳ ನಡುವೆ ಓಡಾಡುತ್ತಿದ್ದದ್ದು ಕನ್ನಡ. ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷೇ ಉಸಿರಾಗಿದ್ದ ನನಗೆ ಕನ್ನಡ ಉಳಿದದ್ದಿದ್ದರೆ ಅದು ಆ ಹಜಾರದ ಪುಣ್ಯ. ಮತ್ತು ಫುಟ್‌ಬಾಲಿನ ಪುಣ್ಯ.

ಅಮೆರಿಕನ್ ಫುಟ್‌ಬಾಲ್ ಅವರಿಗೆ ಅಂಟಿಕೊಂಡದ್ದು ನಾನು ಹುಟ್ಟುವ ಮೊದಲು, ಅವರು ಆಗ ಕೆಲಸಕ್ಕಿದ್ದ ರಿಯಾದಿನ ಒಂದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ. ತೊಡೆಯ ಮೂಳೆ ಮುರಿದುಕೊಂಡ ಒಬ್ಬ ಅಮೆರಿಕನ್ ಮುದುಕ ವಾರಗಟ್ಟಲೆ ಅಲ್ಲಿ ಮಲಗಿದ್ದನಂತೆ. ನೋಡಲು ಬರುವವರು ಯಾರೂ ಇಲ್ಲ. ಊರಿಂದ ಯಾರೋ ಪಂದ್ಯಗಳನ್ನು ರೆಕಾರ್ಡ್ ಮಾಡಿದ ಕ್ಯಾಸೆಟ್ ಕಳಿಸುತ್ತಿದ್ದರು. ಅದು ಕೈಗೆ ಸಿಗುವಾಗ ಪಂದ್ಯ ಮುಗಿದು ಎಷ್ಟೋ ದಿನ ಕಳೆದಿರುತ್ತಿತ್ತು. ಅಷ್ಟು ದಿನವೂ ಅವನು ಪೇಪರ್ ಮುಟ್ಟುತ್ತಿರಲಿಲ್ಲ. ಅಮೆರಿಕದ ಡಾಕ್ಟರು ರೌಂಡ್ಸಿಗೆ ಬಂದರೆ ಮೊದಲು ಅಂಗೈ ಎತ್ತಿ ಅವರ ಬಾಯಿ ಮುಚ್ಚಿಸುತ್ತಿದ್ದನಂತೆ. ಡ್ರೆಸ್ಸಿಂಗ್ ಮಾಡಲು ಹೋಗುತ್ತಿದ್ದ ಆಂಟಿ ಆಟವನ್ನೂ ಕಲಿತರು, ಅಂಗೈ ಎತ್ತುವುದನ್ನೂ ಕಲಿತರು. ಮುದುಕ ಗುಣವಾಗಿ ಹೊರಟುಹೋದ. ಅವನ ಊರಿನ ತಂಡ ಆಂಟಿಯ ತಂಡವಾಗಿ ಉಳಿಯಿತು. ಚಳಿಗಾಲದಲ್ಲಿ ಮೈದಾನದ ಗೆರೆಗಳೇ ಕಾಣದಷ್ಟು ಹಿಮ ಬೀಳುವ ಊರು, ತಂಡವೋ ಸೋಲುವುದರಲ್ಲಿ ಎತ್ತಿದ ಕೈ. ಮರಳುಗಾಡಿನಲ್ಲಿ ಕೂತು ಅಂಥ ತಂಡಕ್ಕೆ ಹರಕೆ ಹೊತ್ತವರು ಆಂಟಿ ಒಬ್ಬರೇ ಇರಬೇಕು. ಆಮೇಲೆ ನಾನೊಬ್ಬಳು ಸೇರಿದೆ.

ಅಲ್ಲಿ ಭಾನುವಾರ ಹಗಲು ಆಡುವ ಆಟ ನಮಗೆ ರಾತ್ರಿ ಬರುತ್ತದೆ. ಆಂಟಿಗೆ ಡ್ಯೂಟಿ, ನನಗೆ ಮರುದಿನ ಶಾಲೆ. ಹಾಗಾಗಿ ರೆಕಾರ್ಡ್ ಮಾಡಿಟ್ಟು ನೋಡುವ ನಮ್ಮಿಬ್ಬರ ಆಟ ಶುಕ್ರವಾರ ಮಧ್ಯಾಹ್ನ. ಜುಮಾ ನಮಾಜು ಮುಗಿಸಿ ಬಾಪ್ಪನೂ ಕಾಕನೂ, ಅಂದರೆ ನನ್ನ ಅಣ್ಣನೂ, ಬಂದು ಊಟವಾದ ಮೇಲೆ, ಉಮ್ಮ ಮುಚ್ಚಿಕೊಟ್ಟ ಅಕ್ಕಿ ಪುಂಡಿ, ಕೋಳಿ ಸಾರು ಹಿಡಿದು ನಾನು ಎದುರಿನ ಬಾಗಿಲು ತಟ್ಟುತ್ತಿದ್ದೆ. ಭಾನುವಾರದಿಂದ ಶುಕ್ರವಾರದವರೆಗೆ ಇಬ್ಬರೂ ಫಲಿತಾಂಶ ತಿಳಿಯಬಾರದು, ಯಾರಾದರೂ ತಿಳಿದರೂ ಹೇಳಬಾರದು. ಇದು ಕಟ್ಟಡಕ್ಕೆಲ್ಲ ಗೊತ್ತಿದ್ದ ಕಾನೂನು. ಕಾಕನಿಗೆ ಮಾತ್ರ ನನ್ನನ್ನು ಕಾಡಿಸುವುದೆಂದರೆ ಊಟಕ್ಕಿಂತ ಹೆಚ್ಚು. ಫೋನ್ ಹಿಡಿದು ನನ್ನ ಹಿಂದೆಯೇ ಬಂದು, "ಹೇಳಿಬಿಡ್ಲಾ? ಹೇಳಿಬಿಡ್ಲಾ?" ಎನ್ನುವುದು. ಒಮ್ಮೆ ಆಂಟಿ ಹಜಾರದಲ್ಲೇ ಅವನ ಕಿವಿ ಹಿಡಿದರು.

"ಹೇಳಿದ್ರೆ ಇಂಜೆಕ್ಷನ್ ಕೊಡ್ತೇನೆ ನೋಡು. ಅದೂ ಎಲ್ಲಿಗೆ ಅಂತ ಗೊತ್ತುಂಟಲ್ಲ?"

ಆ ನಂತರ ಅವನು ಸುಮ್ಮನಾದ. ಆದರೂ ಈ ಆಟದ ಬಗ್ಗೆ ಅವನ ಅಭಿಪ್ರಾಯ ಬದಲಾಗಲಿಲ್ಲ. "ಕಬಡ್ಡಿಗೆ ಹೆಲ್ಮೆಟ್ ಹಾಕಿದ ಹಾಗೆ. ಹತ್ತು ಸೆಕೆಂಡ್ ಆಡುವುದು, ಹತ್ತು ನಿಮಿಷ ನಿಲ್ಲುವುದು" ಎಂದು ಈಗಲೂ ಹೇಳುತ್ತಾನೆ.

ನಾನು ಇದನ್ನು ಒಪ್ಪುವುದಿಲ್ಲ. ನಿಲ್ಲುವುದೇ ಈ ಆಟದ ಸೊಗಸು. ಹತ್ತು ಗಜ ಮುಂದೆ ಹೋಗಲು ನಿಮಗೆ ನಾಲ್ಕು ಅವಕಾಶ. ಆಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಅವಕಾಶದ ಮೊದಲು ಎಲ್ಲರೂ ತಲೆಗೆ ತಲೆ ತಾಗಿಸಿ ದುಂಡಗೆ ನಿಂತು, ಮುಂದೇನು ಎಂದು ಗುಟ್ಟಾಗಿ ಮಾತಾಡಿಕೊಳ್ಳುತ್ತಾರೆ. ಬೇರೆ ಯಾವ ಆಟದಲ್ಲಿ ಬಿದ್ದವನಿಗೆ ಎದ್ದು ಧೂಳು ಕೊಡವಿ ಯೋಚಿಸಲು ಇಷ್ಟು ಸಮಯ ಕೊಡುತ್ತಾರೆ? ಸಾಕರ್ ನೋಡುವವರು ತೊಂಬತ್ತು ನಿಮಿಷ ಓಡಾಟ ನೋಡಿ ಸೊನ್ನೆ-ಸೊನ್ನೆ ಎಂದು ಎದ್ದುಹೋಗುತ್ತಾರೆ, ಅವರು ನಮಗೆ ಬುದ್ಧಿ ಹೇಳುತ್ತಾರೆ. ಇರಲಿ. ಆ ದುಂಡು ಗುಂಪು ಕಂಡಾಗಲೆಲ್ಲ ಆಂಟಿ, "ನೋಡು, ತೇರ್ಸ್ ಶುರುವಾಯ್ತು" ಎನ್ನುತ್ತಿದ್ದರು. ಅವರ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ಸೇರಿ ಹೇಳುವ ಜಪಮಾಲೆಯ ಪ್ರಾರ್ಥನೆ ಅದು. ನನಗೆ ಇಂದಿಗೂ ಆ ಗುಂಪಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಕೂಡಿಬರುತ್ತಿರಲಿಲ್ಲ. ನನಗೆ ಆ ವಯಸ್ಸಿನಲ್ಲಿ ಢಿಕ್ಕಿಗಳು ಬೇಕಿತ್ತು. ಎರಡು ಗೂಳಿಗಳಂತೆ ಹೆಲ್ಮೆಟ್‌ಗಳು ಬಡಿದಾಗ ನಾನು ಸೋಫಾದ ಮೇಲೆ ಕುಣಿಯುತ್ತಿದ್ದೆ. ಆಂಟಿ ಆಗ ಚೆಂಡನ್ನೇ ನೋಡುತ್ತಿರಲಿಲ್ಲ. ಚೆಂಡು ಮುಂದೆ ಎಲ್ಲಿಗೋ ಓಡಿಹೋಗಿರುತ್ತಿತ್ತು, ಜನ ಕಿರುಚುತ್ತಿರುತ್ತಿದ್ದರು, ಅವರು ಮಾತ್ರ ಪರದೆಯ ಮೂಲೆಯಲ್ಲಿ ಬಿದ್ದುಕೊಂಡವನನ್ನು ನೋಡುತ್ತಿದ್ದರು. "ಎದ್ದನಾ? ಎದ್ದನಾ ಅವ?" ಕ್ಯಾಮೆರಾ ಬೇರೆ ಕಡೆ ತಿರುಗಿದರೆ ಸಿಟ್ಟು. "ಇವರಿಗೆ ಎಂತ ಬುದ್ಧಿ ಇಲ್ವಾ? ಅಲ್ಲಿ ಮನುಷ್ಯ ಬಿದ್ದಿದ್ದಾನೆ." ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಹಿಂದೆ ಓಡಿಸುತ್ತಿದ್ದರು. ಅವನು ಮೊಣಕಾಲೂರಿ, ಅಂಗೈ ಊರಿ, ಕೊನೆಗೆ ಎದ್ದು ನಿಂತದ್ದು ಕಂಡ ಮೇಲೆಯೇ, "ಹಾಂ, ಈಗ ಬಿಡು" ಎಂದು ರಿಮೋಟ್ ವಾಪಸ್. ಇದರಿಂದ ನಮ್ಮ ಪಂದ್ಯಗಳು ಸಂಜೆಯ ಮಗ್ರಿಬ್ ಬಾಂಗ್ ಆಗುವವರೆಗೂ ಎಳೆಯುತ್ತಿದ್ದವು. ಉಮ್ಮ ಹಜಾರಕ್ಕೆ ಬಂದು ಕೂಗುತ್ತಿದ್ದರು.

"ಸಿಸ್ಟರ್, ಇವಳನ್ನು ಕಳಿಸ್ತೀರಾ, ಇಲ್ಲ ಅಲ್ಲೇ ಇಟ್ಕೊಳ್ತೀರಾ?"

"ಇಟ್ಕೊಳ್ತೇನೆ. ನೀವು ಇನ್ನೊಂದು ಪಾತ್ರೆ ಸಾರು ಕಳಿಸಿ."

ನಾನು ಹನ್ನೆರಡನೇ ತರಗತಿಯಲ್ಲಿದ್ದ ವರ್ಷ ನಮ್ಮ ತಂಡಕ್ಕೆ ಏನಾಯಿತೋ ಗೊತ್ತಿಲ್ಲ, ಗೆಲ್ಲತೊಡಗಿತು. ಮೊದಮೊದಲು ಇಬ್ಬರಿಗೂ ನಂಬಿಕೆ ಬರಲಿಲ್ಲ. ಚಳಿಗಾಲದ ಕೊನೆಗೆ ಬರುವಾಗ ತಂಡ ಫೈನಲ್ ಮುಟ್ಟಿತ್ತು. ಆ ಶುಕ್ರವಾರ ಪಂದ್ಯ ಮುಗಿದಾಗ ಆಂಟಿ ರಿಮೋಟ್ ಪಕ್ಕಕ್ಕಿಟ್ಟರು. ಆಮೇಲೆ, "ವಾರ್ಡಿನ ಆ ಅಜ್ಜ ಇದ್ದಾನೋ ಇಲ್ವೋ" ಎಂದರು. ಮಂಡಿಗೆ ಸ್ಪ್ರೇ ಹೊಡೆದುಕೊಂಡರು, ಎದ್ದು ಚಹಾ ಮಾಡಲು ಹೋದರು. ಒಳಗೆ ಹೋಗುವಾಗ ಗೋಡೆಗೆ ಕೈ ಕೊಟ್ಟು ಒಂದು ಕ್ಷಣ ನಿಂತರು. ಡ್ಯೂಟಿ ಮಾಡಿದ ಕಾಲು, ಸಹಜ ಎಂದುಕೊಂಡೆ. ಅದು ಕಾಲಲ್ಲ, ಉಸಿರು ಎಂಬುದು ಮನೆಯಲ್ಲಿದ್ದ ಸಣ್ಣ ಸಿಸ್ಟರ್‌ಗೂ ಗೊತ್ತಿರಲಿಲ್ಲ. ಹೃದಯದ ಒಂದು ಕವಾಟ ಕೆಟ್ಟಿದೆ ಎಂದು ಆಂಟಿಗೆ ತಿಂಗಳುಗಳಿಂದ ತಿಳಿದಿತ್ತಂತೆ.

ಫೈನಲ್ ಇದ್ದ ಭಾನುವಾರವೇ ಅವರು ಆಸ್ಪತ್ರೆಗೆ ಸೇರಿದರು. ಡ್ಯೂಟಿಗೆ ಹೋದಷ್ಟೇ ಹಗುರಾಗಿ ಹೋದರು. "ಸಣ್ಣ ರಿಪೇರಿ. ಶುಕ್ರವಾರ ಬಂದೇ ಬರ್ತೇನೆ, ನೀನು ಬಾಯಿ ಕಿವಿ ಮುಚ್ಚಿಕೊಂಡಿರು" ಎಂದರು. ಅಷ್ಟು ದೊಡ್ಡ ಪಂದ್ಯದ ಫಲಿತಾಂಶ ತಿಳಿಯದೆ ಇರುವುದು ಸುಲಭವಲ್ಲ. ಫೋನನ್ನು ಉಮ್ಮನ ಕಪಾಟಿಗೆ ಹಾಕಿದೆ. ಕ್ಲಾಸಿನಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದೆ ಕೂತೆ. ಮಂಗಳವಾರ ಮಧ್ಯಾಹ್ನ ಉಮ್ಮನ ಫೋನಿಗೆ ಆಂಟಿಯ ಕರೆ ಬಂತು. ಧ್ವನಿ ಸಣ್ಣಗಿತ್ತು, ಆದರೆ ನಗು ಇತ್ತು.

"ಮಾರಾಯ್ತಿ, ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡ. ಫೈನಲ್ ನಾನು ನೋಡಿಯಾಯ್ತು."

"ಎಂತ? ನನ್ನನ್ನು ಬಿಟ್ಟು?"

"ಇಲ್ಲಿ ರೂಮಿನಲ್ಲಿ ಟಿವಿ ಉಂಟಲ್ಲ. ನಿದ್ರೆ ಬರ್ಲಿಲ್ಲ, ನೋಡಿಬಿಟ್ಟೆ."

"ಯಾರು…" ಎಂದವಳು ನನ್ನ ಬಾಯಿಯನ್ನು ನಾನೇ ಮುಚ್ಚಿಕೊಂಡೆ. ಅವರು ನಕ್ಕರು.

"ಹೇಳುವುದಿಲ್ಲಪ್ಪ. ಶುಕ್ರವಾರ ನೀನು ನೋಡು. ನಾನು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರ್ತೇನೆ, ಆಯ್ತಾ?"

ಬುಧವಾರ ಬೆಳಿಗ್ಗೆ ಅವರನ್ನು ಆಪರೇಷನ್‌ಗೆ ಒಯ್ದರು. ಅಲ್ಲಿಂದ ಅವರು ಹಿಂದೆ ಬರಲಿಲ್ಲ.

ಮೃತದೇಹವನ್ನು ಊರಿಗೆ ಒಯ್ಯುವ ಕಾಗದಪತ್ರಗಳ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ಎದುರಿನ ಫ್ಲ್ಯಾಟಿನೊಳಗೆ ನಾಲ್ಕೈದು ಜನ ಸೇರಿ ತಗ್ಗಿದ ದನಿಯಲ್ಲಿ ಪ್ರಾರ್ಥನೆ ಹೇಳಿದರು. ಉಮ್ಮ ಒಳಗೆ ಹೋಗಿ ಬಾಗಿಲ ಬಳಿಯ ಕುರ್ಚಿಯಲ್ಲಿ ತಲೆಗೆ ಶಾಲು ಹೊದ್ದು ಕೂತಿದ್ದರು. ನಾನು ಹೋಗಲಿಲ್ಲ. ತೇರ್ಸ್ ಎಂದರೆ ನನಗೆ ಬೇರೆಯೇ ಒಂದು ಚಿತ್ರ ಕಣ್ಣಿಗೆ ಬರುತ್ತಿತ್ತು, ನಗು ಬಂದುಬಿಟ್ಟರೆ ಎಂದು ಹೆದರಿದೆ. ನಗು ಬರುತ್ತಿರಲಿಲ್ಲ ಎಂದು ಈಗ ಗೊತ್ತು…

ಆ ಫೈನಲ್ ನಾನು ನೋಡಲಿಲ್ಲ. ಯಾರು ಗೆದ್ದರೆಂದೂ ತಿಳಿದುಕೊಳ್ಳಲಿಲ್ಲ. ನಂಬುವುದು ಕಷ್ಟ, ಆದರೆ ಫಲಿತಾಂಶದಿಂದ ತಪ್ಪಿಸಿಕೊಳ್ಳುವುದರಲ್ಲಿ ನಾನು ಅಷ್ಟರಲ್ಲಾಗಲೇ ಪಳಗಿದ್ದೆ. ಎರಡು ವರ್ಷ ಆಟದ ಕಡೆ ತಲೆ ಹಾಕಲಿಲ್ಲ. ಆಮೇಲೆ ಮೆಲ್ಲಗೆ ಮತ್ತೆ ಶುರುಮಾಡಿದೆ, ಬೇರೆ ತಂಡಗಳ ಪಂದ್ಯಗಳಿಂದ. ವೀಕ್ಷಕ ವಿವರಣೆಯವರು ಹಳೆಯ ಫೈನಲ್‌ಗಳ ಮಾತೆತ್ತಿದರೆ ಟಿವಿಯ ಧ್ವನಿ ಬಂದ್. ಆಫೀಸಿನ ಅಮೆರಿಕನ್ನರು ನಮ್ಮ ತಂಡದ ಹೆಸರೆತ್ತಿದರೆ ನನಗೆ ತಟ್ಟನೆ ಫೋನ್ ಬರುತ್ತಿತ್ತು. ಕಾಕನಿಗೆ ಫಲಿತಾಂಶ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು "ಹೇಳಿಬಿಡ್ಲಾ" ಎನ್ನಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು. ಯಾವ ಮನೆಯ ಯಾವ ಸೋಫಾದಲ್ಲಿ ಕೂತು ಪಂದ್ಯ ಹಾಕಿದರೂ ನನ್ನ ಎಡಬದಿಯಲ್ಲಿ ಯಾರೋ ಕೂತ ಹಾಗೆ ಅನಿಸುತ್ತಿತ್ತು. ಸೋಫಾ ಆ ಕಡೆ ತುಸು ತಗ್ಗಿದ ಹಾಗೆ. ರಿಯಾದಿನಲ್ಲಿ ನನ್ನ ಜೊತೆ ರೂಮಿನಲ್ಲಿರುವವಳು ಒಮ್ಮೆ ಅಲ್ಲಿ ಕೂರಲು ಬಂದಾಗ, ಏನೂ ಯೋಚಿಸದೆ, "ಅಲ್ಲಿ ಬೇಡ, ಈ ಕಡೆ ಬಾ" ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ಪಕ್ಕಕ್ಕೆ ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಕಾಣುವವರಿಗೆ ಎಲ್ಲ ತಿಳಿದಿದೆ, ಪಂದ್ಯದ ಕೊನೆಯೂ, ತಮ್ಮ ಕೊನೆಯೂ; ಮಾತಿಗೆ ತಪ್ಪಬಾರದೆಂದು ಬಾಯಿ ಮುಚ್ಚಿ ಕೂತಿದ್ದಾರೆ. ಹಾಗೆ ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಆ ಫೈನಲ್ ನೋಡಿಬಿಟ್ಟರೆ ಶುಕ್ರವಾರ ಮುಗಿಯುತ್ತದೆ, ಅವರು ಎದ್ದುಹೋಗುತ್ತಾರೆ. ಅದೂ ಬೇಡವಿತ್ತು, ಅವರು ಹೀಗೆ ಕೂತಿರುವುದನ್ನೂ ತಡೆಯಲಾಗುತ್ತಿರಲಿಲ್ಲ.

ಪಾರ್ಕಿನಲ್ಲಿ ಆ ವಾಸನೆ ಬಡಿದ ಮರುವಾರ ನಾನು ರೈಲು ಹತ್ತಿ ಹೊಫುಫಿಗೆ ಬಂದೆ. ಉಮ್ಮನೇ ಕರೆದಿದ್ದರು. ಸಣ್ಣ ಸಿಸ್ಟರ್ ಕೆಲಸ ಬಿಟ್ಟು, ಮತ್ತೆ ಬರದ ಹಾಗೆ, ಎಕ್ಸಿಟ್ ಮೇಲೆ ಊರಿಗೆ ಹೊರಟಿದ್ದರು, ಗುರುವಾರ ಸಂಜೆ ನಮ್ಮಲ್ಲಿ ಅವರಿಗೆ ಊಟ. ಈಗ ಅವರೇನೂ ಸಣ್ಣವರಲ್ಲ, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಉಮ್ಮ ಒಳಗೆ ಪಾತ್ರೆ ತೆಗೆಯುತ್ತಿದ್ದಾಗ ಅವರು ತಾವಾಗಿಯೇ ಆಂಟಿಯ ಮಾತೆತ್ತಿದರು. ಆಸ್ಪತ್ರೆಗೆ ಸೇರಿಸಿದ ಆ ರಾತ್ರಿ, ಫೈನಲ್ ಬರುವಾಗ, ಅವರೇ ಜೊತೆಗಿದ್ದರಂತೆ.

"ನಂಗೆ ಆ ಆಟ ಒಂಚೂರೂ ಅರ್ಥ ಆಗ್ತಿರ್ಲಿಲ್ಲ ಮಾರಾಯ್ತಿ. ಅವ್ರಿಗಾಗಿ ಕೂತ್ಕಂಡಿದ್ದೆ. ಪಾಪ, ಕೊನೇವರೆಗೆ ನೋಡ್ಲಿಕ್ಕೂ ಆಗ್ಲಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಪೂರ್ತಿ ನೋಡಿದೆ ಅಂದಿದ್ರಲ್ಲ?"

"ಎಲ್ಲಿಯ ಪೂರ್ತಿ? ಮದ್ದು ಕೊಟ್ಟಿದ್ರು, ಕಣ್ಣು ಎಳೀತಿತ್ತು. ಆ ಚೆಂಡು ಎಸೆಯುವ ಹುಡುಗ ಇದ್ದ ಅಲ್ದಾ, ಅವ ಬಿದ್ದ. ಡಾಕ್ಟರೆಲ್ಲ ಓಡಿ ಬಂದ್ರು. 'ಅವ ಎದ್ದನಾ?' ಅಂತ ಕೇಳಿದ್ರು. ನಾನು ಟಿವಿ ನೋಡ್ಲೇ ಇಲ್ಲ, ಅವ್ರನ್ನೇ ನೋಡ್ತಾ ಇದ್ದೆ. 'ಎದ್ದ, ಎದ್ದ, ನೀವು ಮಲ್ಕಳಿ' ಅಂದೆ. ಮಲಗಿದ್ರು. ಟಿವಿ ಬಂದ್ ಮಾಡ್ದೆ." ಆಮೇಲೆ, "ಅಲ್ಲ, ಅವ ಎದ್ದನಾ?" ಎಂದು ನನ್ನನ್ನೇ ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲ ತಿಳಿದೂ ಹೇಳದೆ ಪಕ್ಕದಲ್ಲಿ ಕೂತವರು ಎಂದುಕೊಂಡಿದ್ದೆನಲ್ಲ, ಅವರಿಗೂ ಗೊತ್ತಿರಲಿಲ್ಲ. ನನ್ನ ಶುಕ್ರವಾರ ಕೆಡಬಾರದೆಂದು, ತಾವಿಲ್ಲದೆಯೂ ನಾನು ಕೂತು ನೋಡಲಿ ಎಂದು, ನೋಡಿಯಾಯ್ತು ಎಂದಿದ್ದರು. ಗುಟ್ಟು ಇಟ್ಟುಕೊಂಡು ಕೂತವರಲ್ಲ ಅವರು. ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಕಾದು ಕೂತವರು… ಸಿಸ್ಟರ್ ಎದುರಿಗೇ ಅತ್ತುಬಿಟ್ಟೆ.

ಮರುದಿನ ಶುಕ್ರವಾರ. ಊಟವಾದ ಮೇಲೆ ಬಾಪ್ಪ ಮಲಗಿದರು. ನಾನು ಹಾಲ್‌ನ ಸೋಫಾದ ಬಲಬದಿಯಲ್ಲಿ ಕೂತು ಆ ಪಂದ್ಯ ಹುಡುಕಿ ಹಾಕಿದೆ. ಮೊದಲರ್ಧ ನಮ್ಮವರು ಮುಂದಿದ್ದರು. ಆಮೇಲೆ ಎದುರಾಳಿಗಳು ಸಮ ಮಾಡಿದರು. ಒಳ್ಳೆಯ ಪಂದ್ಯವೇ ಇರಬೇಕು, ನನಗೆ ಆಟ ಕಣ್ಣಿಗೆ ಹತ್ತಲಿಲ್ಲ. ಕೊನೆಯ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಹುಡುಗ ಚೆಂಡು ಎಸೆದ. ಅದು ಕೈಬಿಟ್ಟ ಮರುಕ್ಷಣ ಇಬ್ಬರು ಅವನ ಮೇಲೆ ಬಿದ್ದರು. ಚೆಂಡು ದೂರ ಹೋಯಿತು, ಕ್ಯಾಮೆರಾವೂ ಚೆಂಡಿನ ಹಿಂದೆ ಹೋಯಿತು. ನಾನು ಹಿಂದಕ್ಕೆ ಓಡಿಸಿದೆ. ಡಾಕ್ಟರುಗಳು ಓಡಿಬಂದರು. ಅವನು ಅಂಗಾತ ಬಿದ್ದಿದ್ದ, ಒಂದು ಕೈ ಹುಲ್ಲಿನ ಮೇಲೆ ಬಿಚ್ಚಿಕೊಂಡಿತ್ತು. ಅಷ್ಟು ದೊಡ್ಡ ಸ್ಟೇಡಿಯಂ ತಣ್ಣಗಾಗಿತ್ತು. ಆಂಟಿ ನೋಡಿದ್ದು ಇಲ್ಲಿಯವರೆಗೆ. ಇಲ್ಲಿಂದ ಮುಂದಿನದನ್ನು ನಾನೇ ನೋಡಬೇಕಿತ್ತು.

ಬಹಳ ಹೊತ್ತಾಯಿತು. ಕಾಲು ಅಲುಗಿತು. ಮೊಣಕಾಲು ಮಡಿಸಿದ. ಇಬ್ಬರ ಹೆಗಲ ಮೇಲೆ ಕೈ ಹಾಕಿ, ತಲೆ ತಗ್ಗಿಸಿ, ಎದ್ದು ನಿಂತ.

"ಎದ್ದ ಆಂಟಿ" ಎಂದೆ, ಜೋರಾಗಿಯೇ. "ಅವ ಎದ್ದ."

ಅಡಿಗೆಮನೆಯಿಂದ ಉಮ್ಮ, "ಯಾರ ಹತ್ರ ಮಾತಾಡ್ತಿದ್ದಿ?" ಎಂದರು. ಉಳಿದದ್ದನ್ನೂ ನೋಡಿದೆ. ನಮ್ಮ ತಂಡ ಸೋತಿತ್ತು. "ಸೋತೆವು" ಎಂದು ಅದನ್ನೂ ಹೇಳಿದೆ. ಟಿವಿ ಬಂದ್ ಮಾಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಎಡಕ್ಕೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.